ನಿನ್ನೆಗೇ ಮುಗಿದ ಪಾಸು

2025ರ ಜುಲೈ. ಕೇರಳದ ಗಡಿಯ ಕುಂಬಳೆಯಲ್ಲಿ ಜಡಿಮಳೆ. ಕೊಡೆ ಮಡಚುತ್ತಾ ಮಂಗಳೂರಿಗೆ ಹೋಗುವ ಕೆಂಪು ಬಸ್ಸು ಹತ್ತಿದೆ. ಯಾವ ರಾಜ್ಯದ್ದು ಅಂತ ಈಗಲೇ ಕೇಳಬೇಡಿ. ನಮ್ಮಲ್ಲಿ ಕೇರಳ, ಕರ್ನಾಟಕ ಎರಡೂ ರಾಜ್ಯದ ಬಸ್ಸು ಕೆಂಪೇ, ಎರಡರ ಹೆಸರೂ ಕೆಎಸ್‌ಆರ್‌ಟಿಸಿಯೇ.

ಮುಂದಿನ ಸೀಟಿನ ಹುಡುಗ ತಿಂಗಳ ಪಾಸು ತೋರಿಸಿದ. ಕಂಡಕ್ಟರ್ ಅದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರು.

"ಇದು ನಿನ್ನೆಗೇ ಮುಗಿದಿದೆ ಮಾರಾಯ. ಟಿಕೆಟ್ ತೆಗಿ."

"ಒಂದು ದಿನ ಅಲ್ವಾ ಅಣ್ಣ, ನಾಳೆ ಹೊಸದು ಮಾಡಿಸ್ತೇನೆ."

"ಡೇಟ್ ಆದ ಮೇಲೆ ಆಯ್ತು. ಚೆಕಿಂಗಿನವರು ಹತ್ತಿದರೆ ನನ್ನ ಕೆಲಸ ಹೋಗ್ತದೆ."

ಪಕ್ಕದಲ್ಲಿ ಕೂತಿದ್ದ ರಿಟೈರ್ಡ್ ಮಾಷ್ಟ್ರು ಕನ್ನಡಕ ಒರೆಸುತ್ತಾ ಕೇಳಿದರು: "ಅಲ್ಲ ಕಂಡಕ್ಟ್ರೇ, ನಿಮ್ಮ ಸಂಬಳದ ಅಗ್ರಿಮೆಂಟು ಯಾವಾಗ ಮುಗಿದದ್ದು?"

"2023 ಡಿಸೆಂಬರ್ 31ಕ್ಕೆ."

"ಹಾಗಾದರೆ ನೀವು ಒಂದೂವರೆ ವರ್ಷದಿಂದ ಡೇಟ್ ಆದ ಪಾಸಿನಲ್ಲೇ ಹೋಗ್ತಾ ಇದ್ದೀರಿ."

ಬಸ್ಸಿಡೀ ನಕ್ಕಿತು. ಕಂಡಕ್ಟರ್ ಕೂಡ ನಕ್ಕರು, ಸ್ವಲ್ಪ ತಡವಾಗಿ.

ಆ ಡಿಸೆಂಬರ್ ತಿಂಗಳು ಇದೆಯಲ್ಲ, ಅದು ಬಹಳ ಮಜಾ. ಕೆಎಸ್‌ಆರ್‌ಟಿಸಿ ಎಂಬ ಹೆಸರು ಯಾರದ್ದು ಅಂತ ಎರಡು ರಾಜ್ಯಗಳು ವರ್ಷಗಟ್ಟಲೆ ಜಗಳಾಡಿದವು. ಅದೇ ತಿಂಗಳು ಮದ್ರಾಸ್ ಹೈಕೋರ್ಟು ಕೇರಳದ ಅರ್ಜಿ ವಜಾ ಮಾಡಿತು, ಕರ್ನಾಟಕಕ್ಕೆ ಹೆಸರು ಉಳಿಯಿತು. ಅದೇ ತಿಂಗಳ ಕೊನೆಗೆ ಆ ಹೆಸರು ಹೊತ್ತ ಬಸ್ಸು ಓಡಿಸುವವರ ವೇತನದ ಅವಧಿ ಮುಗಿಯಿತು. ಹೆಸರಿನ ಬೋರ್ಡಿಗೆ ವಕೀಲರು ಸಿಕ್ಕಿದರು. ಬೋರ್ಡಿನ ಕೆಳಗೆ ಕೂತ ಡ್ರೈವರಿಗೆ ಸಿಕ್ಕಿದ್ದು ಮುಂದಿನ ಮೀಟಿಂಗಿನ ತಾರೀಕು.

ಹಿಂದಿನ ಸಲದ ಕಥೆ ಇನ್ನೂ ಚೆಂದ. ನಾಲ್ಕು ವರ್ಷಕ್ಕೊಮ್ಮೆ ಸಂಬಳ ಪರಿಷ್ಕರಣೆ ಅಂತ ಲೆಕ್ಕ. 2020ರ ಜನವರಿ 1ಕ್ಕೆ ಬರಬೇಕಾದ್ದು 2023ರ ಮಾರ್ಚಿನಲ್ಲಿ ಬಂತು, ಶೇಕಡಾ 15. ನಡುವಿನ 38 ತಿಂಗಳ ಹಿಂಬಾಕಿ ಎಲ್ಲಿ ಅಂತ ಯೂನಿಯನ್ನಿನವರು ಕೇಳುತ್ತಲೇ ಇದ್ದರು. ಮಗು ಹುಟ್ಟಿ ಅಂಗನವಾಡಿಗೆ ಹೋಗುವಷ್ಟು ಸಮಯ ಅದು.

ಹಾಗಂತ ಒಪ್ಪಂದ ಸತ್ತಿತು ಅಂದುಕೊಳ್ಳಬೇಡಿ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಅದಕ್ಕೆ ಚಿರಂಜೀವಿ ಯೋಗ ಬರೆದಿತ್ತು. ಅವಧಿ ಮುಗಿದರೂ, ಇನ್ನು ಈ ಒಪ್ಪಂದ ಬೇಡ ಅಂತ ಒಂದು ಕಡೆಯವರು ನೋಟಿಸ್ ಬರೆದು ಕೊಟ್ಟು ಎರಡು ತಿಂಗಳು ಕಳೆಯುವ ತನಕ ಅದಕ್ಕೆ ಉಸಿರು ಇರುತ್ತಿತ್ತು. ಸತ್ತವರ ಬೊಜ್ಜಕ್ಕಾದರೂ, ಅಂದರೆ ಉತ್ತರಕ್ರಿಯೆಗಾದರೂ, ಒಂದು ದಿನ ನಿಗದಿ ಉಂಟು. ಇದಕ್ಕೆ ಅದೂ ಇರಲಿಲ್ಲ. ಸಿಟ್ಟು ಬಂದು ಮುಷ್ಕರ ಮಾಡೋಣ ಅಂದರೆ ಮೊದಲೇ ನೋಟಿಸು ಕೊಡಬೇಕು, ಕೊಟ್ಟು ಹದಿನಾಲ್ಕು ದಿನ ಸುಮ್ನೆ ಕೂರಬೇಕು. ಸಂಧಾನ ನಡೆಯುವಾಗ ಮಾಡುವಂತಿಲ್ಲ, ಮುಗಿದ ಮೇಲೂ ಏಳು ದಿನ ಮಾಡುವಂತಿಲ್ಲ. ಜಾಣರು ಏನು ಮಾಡುತ್ತಾರೆ? ಸಂಧಾನ ಮುಗಿಯದ ಹಾಗೆ ನೋಡಿಕೊಳ್ಳುತ್ತಾರೆ. ಚಾ, ಬಿಸ್ಕೆಟ್ಟು, ಗ್ರೂಪ್ ಫೋಟೋ.

ನ್ಯೂಯಾರ್ಕಿನಲ್ಲೂ ಸರಕಾರಿ ನೌಕರರ ಹಳೆ ಒಪ್ಪಂದ ಹೊಸದು ಬರುವ ತನಕ ನಡೆಯಲೇಬೇಕು ಅಂತ 1982ರಿಂದ ಕಾನೂನು ಉಂಟು. ಅಲ್ಲಿ ಒಂದು ದಿನ ಮುಷ್ಕರ ಹೂಡಿದರೆ ಎರಡು ದಿನದ ಸಂಬಳಕ್ಕೆ ಕತ್ತರಿ. ಈ ಸಾಲನ್ನು ನಮ್ಮ ಅಧಿಕಾರಿಗಳು ಓದದಿರಲಿ.

ಉಪ್ಪಳ ದಾಟುವಾಗ ನಾನು ಮಾಷ್ಟ್ರನ್ನು ಕೆಣಕಿದೆ: "ನಿಮ್ಮ ಕೇರಳದ ಸರಕಾರಿ ಸಂಬಳದ ಪರಿಷ್ಕರಣೆ ಹೇಗೆ ಸರ್?"

"ನಮ್ಮದು ಐದು ವರ್ಷಕ್ಕೊಮ್ಮೆ. 2019 ಜುಲೈದ್ದು 2021ರಲ್ಲಿ ಬಂತು. 2024 ಜುಲೈದ್ದು..." ಅಂತ ಹೇಳಿ ಹೊರಗೆ ಮಳೆ ನೋಡಿದರು. ತಲಪಾಡಿ ಗಡಿಯಲ್ಲಿ ಬೋರ್ಡಿನ ಭಾಷೆ ಬದಲಾಗುತ್ತದೆ, ಪೆಟ್ರೋಲಿನ ರೇಟು ಬದಲಾಗುತ್ತದೆ. ಇದೊಂದು ಬದಲಾಗುವುದಿಲ್ಲ.

ಮರು ತಿಂಗಳು, ಆಗಸ್ಟ್ 5ಕ್ಕೆ, ಕರ್ನಾಟಕದಲ್ಲಿ ಬಸ್ಸು ನಿಲ್ಲಿಸಿಯೇ ಬಿಟ್ಟರು. ಹೈಕೋರ್ಟು ಗದರಿತು, ಅದೇ ದಿನ ಮುಷ್ಕರ ಹಿಂದೆಗೆದರು. ಹತ್ತೊಂಬತ್ತು ತಿಂಗಳು ಯಾರಿಗೂ ಅವಸರ ಇರಲಿಲ್ಲ. ಆ ಒಂದು ದಿನ ಮಾತ್ರ ಎಲ್ಲರಿಗೂ ಗಡಿಯಾರ ಕಂಡಿತು.

ಆದರೆ ನಾನು ಹೇಳಬೇಕೆಂದಿದ್ದು ಆ ಹುಡುಗನ ವಿಷಯ. ಅವನು ಇನ್ನೂರರ ನೋಟು ಕೊಟ್ಟ. ಕಂಡಕ್ಟರ್ ಬ್ಯಾಗು ತಡಕಿ, "ಚಿಲ್ಲರೆ ಇಲ್ಲ, ಇಳಿಯುವಾಗ ಕೊಡ್ತೇನೆ" ಅಂತ ಟಿಕೆಟಿನ ಬೆನ್ನಿಗೆ ಪೆನ್ನಿನಲ್ಲಿ ಬಾಕಿ ಗೀಚಿ ಕೊಟ್ಟರು.

"38 ತಿಂಗಳು ಮಾಡ್ಬೇಡಿ ಮಾರಾಯ್ರೆ" ಅಂದರು ಮಾಷ್ಟ್ರು.

ತೊಕ್ಕೊಟ್ಟು ದಾಟಿದ್ದೇ ತಡ, ಹುಡುಗ ಎದ್ದ. ಅವನು ಇಳಿಯುವ ಸ್ಟಾಪಿಗೆ ಇನ್ನೂ ದೂರವಿತ್ತು. ಟಿಕೆಟನ್ನು ತಿರುಗಿಸಿ ಹಿಡಿದುಕೊಂಡು, ಕಂಡಕ್ಟರ್ ಸೀಟಿನ ಕಂಬಕ್ಕೆ ಅಂಟಿ ನಿಂತ. ಚಿಲ್ಲರೆ ಕೈಗೆ ಬರುವ ತನಕ ಕದಲಲಿಲ್ಲ.