ಮಂಡ್ಯದಲ್ಲಿ ಆಫ್‌ಸೈಡ್ ಇನ್ನೂ ಜಾರಿಯಲ್ಲಿದೆ

ಹಾಕಿಯಲ್ಲಿ ಆಫ್‌ಸೈಡ್ (ಚೆಂಡಿಗಿಂತ ಮುಂದೆ ಹೋಗಿ ಎದುರಾಳಿಯ ಗೋಲಿನ ಬಳಿ ಕಾಯಬಾರದೆಂಬ ನಿಯಮ) ಕಿತ್ತುಹಾಕಿ ಕಾಲು ಶತಮಾನ ದಾಟಿತು. ಆಗಿನಿಂದ ಫಾರ್ವರ್ಡ್ ಆದವನು ಚೆಂಡಿಗಿಂತ ಮುಂಚೆಯೇ ಹೋಗಿ ಎದುರಾಳಿಯ ಗೋಲಿನ ಬಾಯಲ್ಲಿ ಕಾದು ನಿಲ್ಲಬಹುದು. ಹಿಂದೆಲ್ಲ ನಾಲ್ಕು ಹೆಜ್ಜೆ ಮುಂದೆ ಬಂದು ಅವನನ್ನು ಬಲೆಗೆ ಕೆಡವುತ್ತಿದ್ದ ಡಿಫೆಂಡರುಗಳು ಈಗ ಅವನ ಬೆನ್ನಿಗೇ ಅಂಟಿಕೊಂಡಿರಬೇಕು. ಮೈದಾನ ಉದ್ದವಾಯಿತು, ಆಟ ಬಿಚ್ಚಿಕೊಂಡಿತು. ಕಾಲೇಜಿನಲ್ಲಿ ಫಾರ್ವರ್ಡ್ ಸಾಲಿನ ರೈಟ್ ಇನ್ ಆಡುತ್ತಿದ್ದ ನನಗೆ ಈ ಭಾಗ್ಯ ತಡವಾಗಿ ಬಂತು.

ಮಂಡ್ಯದಲ್ಲಂತೂ ಬಂದೇ ಇಲ್ಲ. ತೀರಿಹೋದ ಅಪ್ಪನ ಹೆಸರಿನಲ್ಲಿದ್ದ ಇಪ್ಪತ್ತು ಗುಂಟೆ ಗದ್ದೆಯನ್ನು ನನ್ನ ಹೆಸರಿಗೆ ಮಾಡಿಸುವ ಪೌತಿ ಖಾತೆಗೆಂದು ಒಂದು ಕಚೇರಿಗೆ ಹೋಗಿದ್ದೆ (ಯಾವುದೆಂದು ಕೇಳಬೇಡಿ, ಖಾತೆ ಇನ್ನೂ ಆಗಿಲ್ಲ). ಹತ್ತು ಗಂಟೆಗೇ ಕೌಂಟರಿನ ಮುಂದೆ ನಿಂತೆ. ‘ಫೈಲು ಇನ್ನೂ ಹಿಂದ್ಗಡೆ ಟೇಬಲ್ಲಾಗೈತೆ, ನೀವಾಗ್ಲೇ ಇಲ್ಲಿಗ್ ಬಂದ್ಬುಟ್ರಾ?’ ಎಂದರು. ಚೆಂಡು ಹಿಂದೆ, ನಾನು ಮುಂದೆ. ಅಪ್ಪಟ ಆಫ್‌ಸೈಡ್!

2009ರಲ್ಲಿ ಸೆಲ್ಫ್ ಪಾಸ್ ಬಂತು. ಫ್ರೀ ಹಿಟ್ ಸಿಕ್ಕವನು ಇನ್ನೊಬ್ಬನಿಗೆ ತಳ್ಳಬೇಕಿಲ್ಲ, ತಾನೇ ಚೆಂಡು ಎಳೆದುಕೊಂಡು ಓಡಬಹುದು. ಎದುರಿನವರು ಸಾಲುಗಟ್ಟುವುದರೊಳಗೆ ಮಾರು ದೂರ ಹೋಗಿರುತ್ತಾನೆ. ನಾನೂ ಧೈರ್ಯ ಮಾಡಿ ಫೈಲನ್ನು ಕಂಕುಳಲ್ಲಿಟ್ಟುಕೊಂಡು ಪಕ್ಕದ ಟೇಬಲ್ಲಿಗೆ ಹೊರಟೆ. ‘ನೀವು ತರಂಗಿಲ್ಲ, ಅದು ಟಪಾಲಲ್ಲೇ ಬರ್ಬೇಕು.’ ಎರಡು ಟೇಬಲ್ಲುಗಳ ನಡುವೆ ಇದ್ದದ್ದು ಒಂದು ಹಾಕಿ ಸ್ಟಿಕ್ಕಿನಷ್ಟು ಜಾಗ. ಅಷ್ಟು ದೂರಕ್ಕೆ ಹದಿನೇಳು ದಿನ ಹಿಡಿಯಿತು. ಹೊರಗೆ ಜೆರಾಕ್ಸ್ ಅಂಗಡಿಯ ನೆರಳಲ್ಲಿ ನಿಂತಿರುವ ಮಹಾನುಭಾವನಿಗೆ ಪಾಸ್ ಕೊಟ್ಟವರ ಚೆಂಡು ಮಾತ್ರ ಸಂಜೆಯೊಳಗೆ ಗೋಲು ಸೇರುತ್ತಿತ್ತು.

35 ನಿಮಿಷದ ಎರಡು ಅವಧಿಯನ್ನು 2014ರಲ್ಲಿ 15ರ ನಾಲ್ಕು ಕ್ವಾರ್ಟರ್ ಮಾಡಿದರಲ್ಲ, ಅದೊಂದನ್ನು ಕಚೇರಿ ಭಕ್ತಿಯಿಂದ ಪಾಲಿಸುತ್ತಿದೆ: ಹನ್ನೊಂದರ ಟೀ, ಊಟ, ಮೂರೂವರೆಯ ಟೀ.

ಡಿಫೆನ್ಸನ್ನು ಮಾತ್ರ ಮೆಚ್ಚಲೇಬೇಕು. ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್ಲಿನಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಬಿದ್ದು, ನಮ್ಮವರು ಬ್ರಿಟನ್ ಎದುರು 40 ನಿಮಿಷಕ್ಕೂ ಹೆಚ್ಚು ಹತ್ತೇ ಜನ ಆಡಿ, 1-1ಕ್ಕೆ ಹಿಡಿದು, ಶೂಟೌಟಿನಲ್ಲಿ ಗೆದ್ದಾಗ ಊರೆಲ್ಲ ಕೊಂಡಾಡಿತು. ಇಲ್ಲಿ ಎಂಟು ಕುರ್ಚಿಗೆ ಮೂವರೇ ಇದ್ದಾರೆ. ವರ್ಷವಾಯಿತು, ನನಗೆ ಒಂದು ಗೋಲೂ ಬಿಟ್ಟುಕೊಟ್ಟಿಲ್ಲ. ಇವರಿಗೊಂದು ಹಾರವೂ ಇಲ್ಲ.

ಕಳೆದ ಬುಧವಾರ ಕೊನೆಗೂ ಸಾಹೇಬರ ಸರ್ಕಲ್ಲಿನೊಳಗೆ (ಹಾಕಿಯಲ್ಲಿ ಗೋಲು ಹೊಡೆಯಬೇಕಾದ ಜಾಗವದು) ನುಗ್ಗಿದೆ. ಪೆನ್ನಿನ ಟೋಪಿ ತೆಗೆದವರು ಕಾಗದ ತಿರುವಿ, ‘ಈ ಮರಣ ಪ್ರಮಾಣಪತ್ರ ಹಳೇದಾಯ್ತಲ್ರೀ’ ಎಂದರು.

‘ಅಪ್ಪ ಸತ್ತಿದ್ದು ಒಂದೇ ಸಲ ಸಾರ್.’

‘ಸರಿ, ಈಚೀಚೆಗೆ ಸತ್ತಿದ್ದು ತಗೊಂಡ್ ಬನ್ನಿ’ ಎಂದು ಪೆನ್ನಿಗೆ ಟೋಪಿ ಹಾಕಿದರು.