ಬಾಯಿಗೂಡಿದ ಕಾರು

ನಾನು ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಅಕೌಂಟೆನ್ಸಿ ಮೇಷ್ಟ್ರು. ಇಪ್ಪತ್ತೆರಡು ವರ್ಷದಿಂದ ‘ಸವಕಳಿ’, ಅಂದರೆ ವಸ್ತು ಹಳೆಯದಾದಂತೆ ಅದರ ಬೆಲೆ ಇಳಿಸುವ ಲೆಕ್ಕದ ಪಾಠ ಮಾಡುತ್ತಾ ಬಂದಿದ್ದೇನೆ. ಬೋರ್ಡಿನ ಮೇಲೆ ಎಷ್ಟು ಯಂತ್ರಗಳನ್ನು ಸವೆಸಿ ಗುಜರಿಗೆ ಕಳಿಸಿದ್ದೇನೋ ಲೆಕ್ಕವೇ ಇಲ್ಲ. ಆದರೆ ಹೋದ ವರ್ಷ ನಮ್ಮ ಸ್ವಂತ ಕಾರು ಮಾರುವ ಮಾತು ಬಂದಾಗ, ಅದರ ಬೆಲೆ ಹೇಳಲು ಮನೆಯಲ್ಲಿ ಎಲ್ಲರಿಗೂ ಬಾಯಿತ್ತು. ನನ್ನ ಮಾತನ್ನು ಮಾತ್ರ ಯಾರೂ ಕೇಳಲಿಲ್ಲ.

ಕಾರು ತಗೊಂಡಿದ್ದು 2017ರಲ್ಲಿ. ಆಷಾಢದಲ್ಲಿ ಶೋರೂಮಿನವರು ಒಳ್ಳೆ ಡಿಸ್ಕೌಂಟು ಕೊಡುತ್ತಿದ್ದರು. ಹೆಂಡತಿ ಒಪ್ಪಲಿಲ್ಲ. ಶ್ರಾವಣಕ್ಕೆ ಕಾದೆವು, ಡಿಸ್ಕೌಂಟು ಕಾಯಲಿಲ್ಲ. ಶೋರೂಮ್ ಬೆಲೆ 6 ಲಕ್ಷ. ತೆರಿಗೆ, ವಿಮೆ, ನಂಬರ್ ಪ್ಲೇಟು, ಅದು ಇದು ಸೇರಿ ರಸ್ತೆಗಿಳಿಯುವಷ್ಟರಲ್ಲಿ 7 ಲಕ್ಷ ದಾಟಿತ್ತು. ಮೇಲಿನ ಆ ಲಕ್ಷ ಚಿಲ್ಲರೆ ಗೇಟಿನಲ್ಲೇ ಆವಿಯಾಯಿತು. ವಿಮೆಯವರು ಕಾರಿನ ಬೆಲೆ ಕಟ್ಟುವಾಗ ತೆರಿಗೆ, ನೋಂದಣಿ ಖರ್ಚನ್ನು ಸೇರಿಸುವುದಿಲ್ಲ. ಉಳಿದ 6 ಲಕ್ಷಕ್ಕೂ ಮೊದಲ ಆರು ತಿಂಗಳಲ್ಲೇ ಶೇಕಡಾ 5 ಕತ್ತರಿ. ವರ್ಷ ತುಂಬುವುದರೊಳಗೆ 15, ಎರಡು ವರ್ಷಕ್ಕೆ 20, ಆಮೇಲೆ ವರ್ಷಕ್ಕೆ ಹತ್ತು ಹತ್ತರಂತೆ ಏರಿ ಐದನೇ ವರ್ಷಕ್ಕೆ ಸರಿಯಾಗಿ ಅರ್ಧ. ಐದು ವರ್ಷ ದಾಟಿದ ಮೇಲೆ ವಿಮೆಯವರ ಈ ಕೋಷ್ಟಕವೇ ಕೈಯೆತ್ತಿಬಿಡುತ್ತದೆ. ಆಮೇಲೇನಿದ್ದರೂ ನೀವುಂಟು, ವಿಮೆ ಕಂಪನಿ ಉಂಟು, ಮಾತಾಡಿ ಒಪ್ಪಿಕೊಳ್ಳಬೇಕು.

ನಮ್ಮ ಕಾರಿಗೆ ಎಂಟು ವರ್ಷ ತುಂಬಿತ್ತು. ಹಾಗಾಗಿ ನಾನು ನನ್ನ ಬೋರ್ಡಿಗೇ ಮರಳಿದೆ. ಆದಾಯ ತೆರಿಗೆಯವರು ವ್ಯವಹಾರಕ್ಕೆ ಬಳಸುವ ಕಾರಿಗೆ ವರ್ಷಕ್ಕೆ ಶೇಕಡಾ 15 ಸವಕಳಿ ಒಪ್ಪುತ್ತಾರೆ. ಅದನ್ನು ಮೊದಲ ಬೆಲೆಯ ಮೇಲಲ್ಲ, ಆಯಾ ವರ್ಷ ಉಳಿದ ಬೆಲೆಯ ಮೇಲೆ ಹಾಕಬೇಕು. ಮೊದಲ ವರ್ಷ 90,000 ಹೋದರೆ ಎರಡನೇ ವರ್ಷ ಹೋಗುವುದು 76,500. ಹೀಗೇ ಇಳಿಸುತ್ತಾ ಹೋಗಿ ಎಂಟನೇ ವರ್ಷದ ಕೊನೆಗೆ 1,63,494 ರೂಪಾಯಿ ಅಂತ ಉತ್ತರ ತಂದು ಕೆಳಗೆ ಎರಡು ಗೆರೆ ಎಳೆದೆ.

“ಆ ನಾಲ್ಕು ರೂಪಾಯಿ ಯಾಕ್ರೀ, ಅದನ್ನೂ ಬಿಟ್ಟುಬಿಡಿ” ಅಂದಳು ಹೆಂಡತಿ. ಅವಳ ಪ್ರಕಾರ ಕಾರು 3 ಲಕ್ಷಕ್ಕೆ ಒಂದು ಕಾಸೂ ಕಡಿಮೆಯಿಲ್ಲ. ಸೀಟಿಗೆ ಅವಳೇ ಹೊಲಿದ ಕವರ್ ಇದೆಯಲ್ಲ!

ಈ ಪದ್ಧತಿಯಲ್ಲಿ ಬೆಲೆ ಯಾವತ್ತೂ ಸೊನ್ನೆ ಮುಟ್ಟುವುದಿಲ್ಲ ಅಂತ ನಾನು ಸ್ವಲ್ಪ ಜಂಬದಿಂದಲೇ ವಿವರಿಸಿದೆ. ಮಗಳು ಮೊಬೈಲಿನಲ್ಲಿ ನೂರು ವರ್ಷಕ್ಕೆ ಲೆಕ್ಕ ಹಾಕಿದಳು. ಐದು ಪೈಸೆ ಬಂತು.

“ಅಪ್ಪಾ, ಐದು ಪೈಸೆ ಯಾರೂ ತಗೊಳಲ್ಲ.”

ನಿಜವೇ. ನಾಲ್ಕಾಣೆಯವರೆಗಿನ ನಾಣ್ಯಗಳ ಚಲಾವಣೆ 2011ರಲ್ಲೇ ನಿಂತುಹೋಗಿದೆ.

ಅಸಲಿಗೆ ಕಾರು ವರ್ಷಕ್ಕೊಂದು ಸಲ, ಮಾರ್ಚ್ 31ಕ್ಕೆ, ನಮ್ಮ ಪುಸ್ತಕ ನೋಡಿಕೊಂಡು ಸವೆಯುವುದಿಲ್ಲ. ನಮ್ಮದು ತಾರೀಕು ಹೇಳಿ ಸವೆದಿದೆ. ತಂದ ಹನ್ನೊಂದನೇ ದಿನ ನಮ್ಮದೇ ಗೇಟಿನ ಕಂಬ ಎಡಗಡೆ ಬಾಗಿಲನ್ನು ಉಜ್ಜಿತು. ಕಂಬ ಉಜ್ಜಿತು ಅಂತಲೇ ಹೇಳುತ್ತೇನೆ, ನಾನಂತೂ ನೇರ ಹೋಗುತ್ತಿದ್ದೆ. ಎರಡನೇ ವರ್ಷ ಚಾಮುಂಡಿ ಬೆಟ್ಟದಲ್ಲಿ ಒಂದು ಕೋತಿ ವೈಪರ್ ಕಿತ್ತು, ರುಚಿ ನೋಡಿ, ಇಷ್ಟವಾಗದೆ ನನ್ನ ಕಡೆಗೇ ಎಸೆಯಿತು. ಮುಂದಿನ ಬಂಪರ್ ಒಡೆದಾಗ ವಿಮೆ ಇದೆ ಅಂತ ಧೈರ್ಯವಾಗಿ ಹೋದೆ. ಪ್ಲಾಸ್ಟಿಕ್ಕು, ರಬ್ಬರಿಗೆ ಸವಕಳಿ ಸೀದಾ ಅರ್ಧ, ಗಾಜಿಗೆ ಮಾತ್ರ ಏನೂ ಹಿಡಿಯುವುದಿಲ್ಲ ಅಂದರು. ಇನ್ನು ಒಡೆಯುವುದಿದ್ದರೆ ಗಾಜೇ ಒಡೆಯಲಿ ಅಂತ ಚಾಮುಂಡಿಗೆ ಕೈಮುಗಿದೆ.

ಇದೆಲ್ಲಕ್ಕಿಂತ ದೊಡ್ಡ ಸವಕಳಿ ಮೂರನೇ ವರ್ಷದ್ದು. ಹೆಂಡತಿಯ ತವರು ಕೆ.ಆರ್. ಪೇಟೆ ಕಡೆ. ನನ್ನ ಭಾವಮೈದ ಆಲೆಮನೆಯಿಂದ ಐದು ಲೀಟರ್ ಕಬ್ಬಿನ ಹಾಲು ಕ್ಯಾನಿಗೆ ತುಂಬಿಸಿ, “ಮುಚ್ಚಳ ಬಿಗಿಯಾಗೇ ಅದೆ ಬುಡಿ ಭಾವ” ಅಂತ ಹಿಂದಿನ ಸೀಟಿನ ಕೆಳಗಿಟ್ಟ. ಶ್ರೀರಂಗಪಟ್ಟಣದ ಹತ್ತಿರ ಒಂದು ಹಂಪು ಹಾರಿಸಿದೆ. ಮನೆಗೆ ಬಂದು ನೋಡಿದರೆ ಕ್ಯಾನಿನಲ್ಲಿ ಒಂದು ಲೋಟದಷ್ಟು ಉಳಿದಿದೆ. ಮಿಕ್ಕಿದ್ದನ್ನು ಕಾರು ಕುಡಿದಿದೆ. ಮ್ಯಾಟು ತೊಳೆದೆವು, ಬಿಸಿಲಿಗೆ ಒಣಗಿಸಿದೆವು, ನಿಂಬೆಹಣ್ಣು ಉಜ್ಜಿದೆವು. ಎರಡು ವರ್ಷ ಇರುವೆಗಳು ನಮ್ಮ ಜೊತೆ ಮದುವೆ, ಮುಂಜಿ ಎಲ್ಲಕ್ಕೂ ಬಂದವು.

ಈ ಭಾವಮೈದನೇ ಮಾರಾಟದ ಸುದ್ದಿ ಕೇಳಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬೆಳಗಿನ ಬಸ್ಸಿಗೆ ಬಂದಿಳಿದ. ಪ್ರತಿ ವರ್ಷ ಹೇಮಗಿರಿ ಜಾತ್ರೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು ಕೊಳ್ಳುವ ಅಥವಾ ಮಾರುವ ಆಸಾಮಿ. ನನ್ನ ಲೆಕ್ಕದ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ಎತ್ಗೆ ಯಾರಾದ್ರೂ ಪರ್ಸೆಂಟ್ ಹಾಕ್ತಾರಾ ಭಾವ? ಹಲ್ಲು ನೋಡ್ಬೇಕು, ಮೈಮೇಲಿನ ಸುಳಿ ನೋಡ್ಬೇಕು, ನಡೆಸಿ ನೋಡ್ಬೇಕು. ಹಾಲುಹಲ್ಲಿನ ಕರೂಗೆ ಒಂದ್ ರೇಟು. ಎರಡು ಹಲ್ಲು, ನಾಕು ಹಲ್ಲು ಆಯ್ತಾ ಆಯ್ತಾ ರೇಟು ಏರ್ತದೆ. ಎಂಟೂ ಹಲ್ಲು ಬಂದು ಬಾಯಿಗೂಡಿದ್ ಮ್ಯಾಕೆ ತಾನೆ ಇಳಿಯೋದು? ನಿಮ್ ಕಾರೇನು, ಹುಟ್ಟಿದ್ ದಿನದಿಂದ್ಲೇ ಇಳೀತದಾ?”

ಹೌದು ಅಂದೆ.

“ಅಂಗಾದ್ರೆ ಯಾಕ್ ತಗೊಂಡ್ರಿ?”

ಇಪ್ಪತ್ತೆರಡು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಕೇಳದ ಪ್ರಶ್ನೆ. ಕಾಫಿ ಆರುತ್ತಿದೆ ಕುಡಿ ಅಂದೆ.

ರಿಂಗ್ ರೋಡಿನ ಬದಿಯಲ್ಲಿ ಹಳೇ ಕಾರು ಕೊಂಡು ಮಾರುವ ಒಬ್ಬರ ಹತ್ತಿರ ಹೋದೆವು. ಅವರು ಮಾತೇ ಆಡದೆ ಕಾರಿಗೆ ಒಂದು ಸುತ್ತು ಬಂದರು. ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿ, ಟಿಂಕರಿಂಗ್ ಆಗಿದೆಯಾ ಅಂತ ಸದ್ದು ಕೇಳಿದರು. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಕಿತ್ತು, ಒಳಗೆ ತುಕ್ಕು ಹುಡುಕಿದರು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಟಯರಿನ ಮೇಲಿನ ನಾಲ್ಕು ಅಂಕಿ ಓದಿದರು. ಸ್ಟೆಪ್ನಿಯ ಮೇಲೆ 1417 ಅಂತಿತ್ತು. 2017ನೇ ಇಸವಿಯ 14ನೇ ವಾರ ತಯಾರಾದದ್ದು ಅಂತ ಅದರರ್ಥ. ಅಷ್ಟು ವರ್ಷ ಅದರ ಮೇಲೆ ದಿನಸಿ ಚೀಲ ಇಟ್ಟುಕೊಂಡು ಓಡಾಡಿದ ನನಗೆ ಅಲ್ಲೊಂದು ಜಾತಕ ಇರುವುದು ಗೊತ್ತೇ ಇರಲಿಲ್ಲ.

ಭಾವಮೈದನ ಮುಖ ಅರಳಿತು. “ನೋಡಿ ಭಾವ, ಹಲ್ಲು ಎಣಿಸ್ತಾವ್ರೆ!”

ಮಾತಿನ ಧಾಟಿ ಕೇಳಿ ಅವರು ತಲೆಯೆತ್ತಿದರು. “ಯಾವೂರು ಗೌಡ್ರೇ?” ಅವರದು ಮದ್ದೂರು ಕಡೆಯಂತೆ. ಅವರಪ್ಪ ದನದ ವ್ಯಾಪಾರ ಮಾಡುತ್ತಿದ್ದರಂತೆ. ಅಲ್ಲಿಗೆ ನಾನು, ನನ್ನ ಹಾಳೆ, ಆದಾಯ ತೆರಿಗೆ ಇಲಾಖೆ ಮೂರೂ ಲೆಕ್ಕದಿಂದ ಹೊರಗೆ.

“ಎಡಗಡೆ ಬಾಗ್ಲಲ್ಲಿ ಗೀರು ಅದೆಯಲ್ಲ ಗೌಡ್ರೇ.”

“ಅದು ಗೀರಲ್ಲ ಕಣಣ್ಣ, ಸುಳಿ. ಎಡಗಡೆ ಸುಳಿ ಇದ್ದದ್ದು ಮನೆಗೆ ಒಳ್ಳೇದು.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಭಾವಮೈದ ಹೆಗಲ ಮೇಲಿನ ಟವೆಲ್ ತೆಗೆದ. ಕೈಗೆ ಕೈ ಕೊಟ್ಟು ಮೇಲೆ ಟವೆಲ್ ಮುಚ್ಚಿಕೊಂಡರು. ದನದ ಜಾತ್ರೆ ನೋಡಿದವರಿಗೆ ಗೊತ್ತು, ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಬೆರಳು ಹಿಡಿದು ಹೇಳುತ್ತಾರೆ. ಪಕ್ಕದಲ್ಲಿ ನಿಂತವನಿಗೂ ರೇಟು ಗೊತ್ತಾಗಬಾರದು. ಇಲ್ಲಿ ಪಕ್ಕದಲ್ಲಿ ನಿಂತವನು ಕಾರಿನ ಮಾಲೀಕ. ಒಬ್ಬರು ರಿಂಗ್ ರೋಡು ನೋಡುತ್ತಿದ್ದರು, ಇನ್ನೊಬ್ಬ ಆಕಾಶ ನೋಡುತ್ತಿದ್ದ. ಟವೆಲ್ ಮಾತ್ರ ಅಲ್ಲಾಡುತ್ತಿತ್ತು.

ವೋಚರಿಲ್ಲದೆ ಒಂದು ರೂಪಾಯಿಯನ್ನೂ ಪುಸ್ತಕಕ್ಕೆ ಏರಿಸದ ನನಗೆ ಇದನ್ನು ತಡೆಯಲಾಗಲಿಲ್ಲ. “ನನ್ನ ಕಾರು, ನಾನೇ ಮಾತಾಡ್ತೀನಿ” ಅಂತ ಟವೆಲಿನೊಳಗೆ ಕೈ ಹಾಕಿದೆ.

ಮೊದಲು ಒಂದು ಬೆರಳು ಹಿಡಿದರು. ಅದು ಲಕ್ಷ ಅಂತ ಭಾವಮೈದ ಕಿವಿಯಲ್ಲಿ ಉಸುರಿದ. ಆಮೇಲೆ ಐದೂ ಬೆರಳು ಒಟ್ಟಿಗೆ, ಮತ್ತೆ ಎರಡು. ಅಂದರೆ ಎಪ್ಪತ್ತು ಸಾವಿರ. ನನ್ನ 1,63,494ಕ್ಕಿಂತ ಜಾಸ್ತಿಯೇ! ಸರಿ ಅನ್ನಬೇಕು ಅನ್ನುವಷ್ಟರಲ್ಲಿ ಅವರ ಹೆಬ್ಬೆರಳು ನನ್ನ ಅಂಗೈಗೆ ತಾಕಿತು. ನನಗೆ ಅಂಗೈಯಲ್ಲಿ ಕಚಗುಳಿ ಸಿಕ್ಕಾಪಟ್ಟೆ. ಕಿಸಕ್ಕನೆ ನಕ್ಕು ಕೈ ಎಳೆದುಕೊಂಡೆ.

ಅವರು ಗಂಭೀರವಾದರು. “ನಗಬೇಡಿ ಸಾರ್. ಹೋಗ್ಲಿ, ಇಗೋ” ಅಂತ ಮತ್ತೆ ಕೈ ಹಿಡಿದು ಒಂದು ಬೆರಳು ಏರಿಸಿದರು. ಮತ್ತೆ ಕಚಗುಳಿ. ಮತ್ತೆ ಎಳೆದುಕೊಂಡೆ.

“ಮೇಷ್ಟ್ರು ಬಾಳ ಗಟ್ಟಿ ಗೌಡ್ರೇ” ಅಂತ ಇನ್ನೊಂದು ಬೆರಳು ಸೇರಿಸಿದರು. ಮೂರನೇ ಸಲ ನಾನು ನಗುವ ಮೊದಲೇ ಭಾವಮೈದ ನನ್ನ ಕಾಲು ತುಳಿದ. “ಆಯ್ತು!” ಅಂತ ಕಿರುಚಿದೆ. 1,90,000ಕ್ಕೆ ವ್ಯಾಪಾರ ಕುದುರಿತು.

ರಾತ್ರಿ ನಿದ್ದೆ ಬರದೆ ಲೆಕ್ಕವನ್ನು ಹಿಂದಿನಿಂದ ಹಾಕಿದೆ. 6 ಲಕ್ಷ ಎಂಟು ವರ್ಷದಲ್ಲಿ 1,90,000 ಆಗಬೇಕಾದರೆ ವರ್ಷಕ್ಕೆ ಎಷ್ಟು ಸವೆಯಬೇಕು? ಶೇಕಡಾ 13.4. ಇಲಾಖೆಯ 15ಕ್ಕೂ ಇದಕ್ಕೂ ಇರುವ 1.6ರ ವ್ಯತ್ಯಾಸ ಬಹುಪಾಲು ಕಚಗುಳಿಯದ್ದು. ಅದನ್ನು ಯಾವ ಖಾತೆಗೆ ಬರೆಯಬೇಕೋ ಗೊತ್ತಾಗದೆ ಮಲಗಿದೆ. ಹೆಂಡತಿ ಮಾತ್ರ 1,10,000 ನಷ್ಟವಾಯಿತು ಅಂತ ಇವತ್ತಿಗೂ ಹೇಳುತ್ತಾಳೆ.

ಮೂರನೇ ದಿನ ರಿಂಗ್ ರೋಡಿನಿಂದ ಫೋನು. “ಸಾರ್, ನಿನ್ನೆ ಸೀಟೆಲ್ಲಾ ತೆಗೆದು ನೀರು ಹಾಕಿ ತೊಳೆಸಿದ್ವಿ. ಇವತ್ತು ಬೆಳಗ್ಗೆ ನೋಡಿದ್ರೆ ಗಾಡಿ ತುಂಬಾ ಇರುವೆ. ಎಲ್ಲಿಂದ ಬರ್ತಾವೆ ಸಾರ್?”

ನಾನು ಬಾಯಿ ತೆರೆಯುವ ಮೊದಲೇ, ಇನ್ನೂ ಊರಿಗೆ ಹೋಗದೆ ನಮ್ಮ ಮನೆಯಲ್ಲೇ ಉಪ್ಪಿಟ್ಟು ತಿನ್ನುತ್ತಿದ್ದ ಭಾವಮೈದ ಫೋನು ಕಿತ್ತುಕೊಂಡ.

“ಯಾವ್ ಇರುವೆ ಅಣ್ಣ? ಗೊದ್ದನೋ, ಕೆಂಜಿಗನೋ?”