ಮಳೆ ಬಂದು ಟ್ರಿಪ್ ವೇಸ್ಟ್ ಆಯ್ತಂತೆ!

ಬೆಂಗಳೂರಿಂದ ಬಂದು ಹೋದ ನೆಂಟರ ಸ್ಟೇಟಸ್ ಈಗಷ್ಟೇ ನೋಡಿದೆ. ಕಾಸರಗೋಡು ಕಡೆಯ ಬೇಕಲ ಕೋಟೆಯ ಫೋಟೋ, ಕೆಳಗೆ 'ಫುಲ್ ಮಳೆ, ಟ್ರಿಪ್ ವೇಸ್ಟ್'. ಕಾರು ಓಡಿಸಿದ್ದು ನಾನು. ಮೈ ಉರಿಯದೆ ಇರುತ್ತದಾ?

ಫುಲ್ ಮಳೆ ಎಲ್ಲಿತ್ತು ಮಾರಾಯ್ರೆ? ತಲಪಾಡಿಯಲ್ಲಿ ಬಿಸಿಲು. ಉಪ್ಪಳದಲ್ಲಿ ವೈಪರ್ ಸಾಲದಷ್ಟು ಜಡಿಮಳೆ. ಶಿರಿಯ ಸೇತುವೆಗೆ ಬಂದರೆ ರಸ್ತೆ ಒಣಗಿಯೇ ಇದೆ. ಕುಂಬಳೆಯಲ್ಲಿ ಮತ್ತೆ ಹನಿ. ಕಡಲಿನಿಂದ ಮೋಡ ತುಂಡು ತುಂಡಾಗಿ ಬರುತ್ತದೆ, ಸುರಿಯುತ್ತದೆ, ಘಟ್ಟದ ಕಡೆ ಹೋಗುತ್ತದೆ. ನಡುವೆ ಬಿಸಿಲು. ಅದೂ ಸುಮ್ನೆ ಬಿಸಿಲಲ್ಲ, ಆಟಿ ಅಂದರೆ ಮಳೆಗಾಲದ ಒಂದು ತುಳು ತಿಂಗಳು, ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಅನ್ನುತ್ತಾರಲ್ಲ, ಆ ಬಿಸಿಲು. ಹತ್ತು ನಿಮಿಷ ಕಾಯಲು ಆಗದವರು ಮಳೆಗಾಲದಲ್ಲಿ ಕರಾವಳಿಗೆ ಯಾಕೆ ಬರಬೇಕು?

ಕಾಸರಗೋಡಿನಿಂದ ಮುಂದೆ ಹೆದ್ದಾರಿ 66 ಚೆರ್ಕಳದ ಕಡೆ ಒಳಕ್ಕೆ ಹೊರಳುತ್ತದೆ. ಅಲ್ಲಿ ಕಡಲು ಇಲ್ಲ. ಅದಕ್ಕೇ ಇವರಿಗಾಗಿ ಚಂದ್ರಗಿರಿ ಸೇತುವೆಯ ದಾರಿ ಹಿಡಿದೆ. ಚೆಮ್ನಾಡು, ಮೇಲ್ಪರಂಬ, ಉದುಮ. ಸೇತುವೆ ಕೆಳಗೆ ಹೊಳೆ ಕೆಂಪಗೆ ತುಂಬಿ ಅಳಿವೆ ಕಡೆ ನುಗ್ಗುತ್ತಿತ್ತು. ಹಿಂದಿನ ಸೀಟಿನವರು ಏನು ಮಾಡುತ್ತಿದ್ದರು ಗೊತ್ತಾ? ಗ್ಲಾಸ್ ಏರಿಸಿ, ಎಸಿ ಹಾಕಿಸಿ, ಹೊರಗೆ ಮಳೆ ಇದೆಯಾ ಅಂತ ಮೊಬೈಲಿನಲ್ಲಿ ನೋಡುತ್ತಿದ್ದರು!

ಕೋಟೆಯಲ್ಲಿ ಸಿಟ್ಟು ಇನ್ನೂ ಜಾಸ್ತಿ ಆಯಿತು. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ್ದು, ಪೂರ್ತಿ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಬೇಸಿಗೆಯಲ್ಲಿ ಧೂಳು ಹಿಡಿದು ಮಂಕಾಗಿರುತ್ತದೆ. ಮಳೆ ನಿಂತ ಕೂಡಲೇ ನೋಡಬೇಕು. ಕಲ್ಲಿನ ತೂತುಗಳಿಂದ ನೀರು ಜಿನುಗುತ್ತಿರುತ್ತದೆ, ಗೋಡೆಯಿಡೀ ಕಡುಗೆಂಪು, ಸಂದಿಯಲ್ಲಿ ಹಸಿ ಪಾಚಿ. ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವ ಟ್ರಾಲಿಂಗ್‌ಗೆ ಜುಲೈ 31ರವರೆಗೆ ನಿಷೇಧ, ಹಾಗಾಗಿ ಕಡಲಿನಲ್ಲಿ ದೊಡ್ಡ ಬೋಟು ಒಂದೂ ಇಲ್ಲ. ಬರೀ ಅಲೆ. ಇವರು ಕೇಳಿದ್ದೇನು? 'ಕಡಲು ನೀಲಿ ಇರಲ್ವಾ?' ಇರುತ್ತದೆ, ಡಿಸೆಂಬರಿನಲ್ಲಿ. ಜುಲೈಯಲ್ಲಿ ರಜೆ ಹಾಕಿ ಡಿಸೆಂಬರಿನ ಕಡಲು ಬೇಕಂದರೆ ನಾನೇನು ಬಣ್ಣ ಬಳಿಯಲಾ?

'ಹಾಗಾದರೆ ರೆಡ್ ಅಲರ್ಟ್‌ನಲ್ಲೂ ಸುತ್ತಬೇಕಾ?' ಅನ್ನುವವರಿದ್ದೀರಿ. ಬೇಡ. ಅದು ಒಂದೇ ದಿನದಲ್ಲಿ 204.4 ಮಿಲಿಮೀಟರಿಗೂ ಮಿಕ್ಕಿ ಮಳೆ ಬರಬಹುದು ಅನ್ನುವ ಎಚ್ಚರಿಕೆ. ಆ ದಿನ ಮನೆಯಲ್ಲಿರಿ, ಕಡಲ ಹತ್ತಿರ ಹೋಗಲೇಬೇಡಿ. ಮೊನ್ನೆ ಇದ್ದದ್ದು ಹಳದಿ. ಹಳದಿಗೆಲ್ಲ ಹೆದರಿದರೆ ನಮ್ಮೂರಲ್ಲಿ ಸೆಪ್ಟೆಂಬರ್‌ವರೆಗೆ ಹಾಲು ತರಲೂ ಹೊರಗೆ ಕಾಲಿಡುವ ಹಾಗಿಲ್ಲ.

ನಿಜ ಹೇಳಬೇಕಾ? ಮಳೆಗೆ ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಅಡಿಕೆ ತೋಟಕ್ಕೆ ಎರಡನೇ ಸಲದ ಬೋರ್ಡೋ, ಅಂದರೆ ಕೊಳೆರೋಗದ ಮದ್ದು, ಇನ್ನೂ ಬಿಟ್ಟಿಲ್ಲ. ಮೈಲುತುತ್ತು, ಸುಣ್ಣ ತಂದಿಟ್ಟು, ಮರ ಹತ್ತುವವರಿಗೆ ಹೇಳಿಟ್ಟು, ಒಂದಿಡೀ ದಿನ ಬಿಸಿಲು ಬಿದ್ದೀತಾ ಅಂತ ಆಕಾಶ ನೋಡುತ್ತಿದ್ದೇನೆ. ಮರದ ಬುಡದಲ್ಲಿ ಎಳೆ ಅಡಿಕೆ ಕೊಳೆತು ಬಿದ್ದಿದೆ, ಹೆಕ್ಕಿದರೆ ಬೆರಳಿಗೆ ಬೂಸ್ಟು ಅಂಟುತ್ತದೆ. ಬೈಯುವ ಹಕ್ಕು ನನ್ನದು. ಬಿಳಿ ಶೂ ಒದ್ದೆಯಾಯಿತು ಅಂತ ಮುಖ ಊದಿಸಿಕೊಂಡವರದ್ದಲ್ಲ.

ಡಿಸೆಂಬರಿಗೆ ಮತ್ತೆ ಬರುತ್ತಾರಂತೆ. ಬರಲಿ, ಊಟಕ್ಕೆ ಮೋಸ ಇಲ್ಲ. ಸುತ್ತಾಡಲು ಕಾಸರಗೋಡಿನಿಂದ ಚಂದ್ರಗಿರಿ ದಾರಿಯಾಗಿ ಕಾಞಂಗಾಡಿಗೆ ಬಸ್ಸುಂಟು. ನನಗೆ ಆಗ ಅಡಿಕೆ ಕೊಯ್ಲು.